ಬಾಗಿಲಲ್ಲಿ ನಿಂತ ಜೊತೆಗಾರ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಬೀದಿಯ ಈ ಬದಿಯವರಿಗೆ ಆ ಬದಿಯ ಮನೆ ಕಾಣುತ್ತಿರಲಿಲ್ಲ. ಮುಚ್ಚಿಹೋದ ಐಸ್ ಫ್ಯಾಕ್ಟರಿಯ ಕಟ್ಟೆಯ ಮೇಲೆ ಗೋಣಿಚೀಲ ಹಾಸಿಕೊಂಡು ಐಸಜ್ಜ ಕೂತಿದ್ದ. ಒಳಗೆ ಗಾರೆ ಮೇಸ್ತ್ರಿ ತನ್ನ ಉಳಿ ಹುಡುಕುತ್ತಿದ್ದ.

"ಇಲ್ಲೇ ಇಟ್ಟಿದ್ದೆನಲ್ಲ! ಉಳಿಯನ್ನ ಬೆಕ್ಕು ಕಚ್ಚಿಕೊಂಡು ಹೋಗುತ್ತಾ?"

"ಈ ಮಂಜಲ್ಲಿ ಆನೆ ಕಳೆದ್ರೂ ಸಿಗಲ್ಲ ಬಿಡು," ಎಂದ ಅಜ್ಜ, ಕೂತಲ್ಲಿಂದ ಅಲ್ಲಾಡದೆ. ಉಳಿ ಅವನ ಗೋಣಿಚೀಲದ ಕೆಳಗೇ ಇತ್ತು.

ಯಾಕೆ ಬಚ್ಚಿಟ್ಟ ಅಂತೀರಾ? ಹರೆಯದಿಂದ ಮುಪ್ಪಿನವರೆಗೆ ಅಜ್ಜ ದುಡಿದದ್ದು ಇದೇ ಫ್ಯಾಕ್ಟರಿಯ ತಣ್ಣನೆಯ ಕೋಣೆಯಲ್ಲಿ. ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಮರದ ಹೊಟ್ಟು, ಜೇಡಿಮಣ್ಣು ಕಲಸಿ ಮೆತ್ತುವುದು ಅವನ ಕೆಲಸ. ಗಾಳಿ ನುಸುಳಿದರೆ ಐಸ್ ಗಡ್ಡೆ ಕರಗುತ್ತದೆ. ಬಿಸಿಲು ಬಿದ್ದರಂತೂ ಮುಗಿದೇ ಹೋಯಿತು. ಈಗ ಆ ಕಟ್ಟಡವನ್ನು ಮನೆ ಮಾಡಿಕೊಳ್ಳಲೆಂದು ಮಗ ಕೊಂಡಿದ್ದ. ಈಗಿರುವ ಬಾಡಿಗೆ ಮನೆಯನ್ನು ತಿಂಗಳ ಕೊನೆಗೆ ಬಿಡಬೇಕು. ಆದರೆ ಪುರಸಭೆ ಅನುಮತಿ ಕೊಡುವಾಗ ಕರಾರು ಹಾಕಿತ್ತು: ಮಲಗುವ ಕೋಣೆಗೆ ಹೊರಗೆ ತೆರೆಯುವ ಕಿಟಕಿ ಬೇಕು, ಒಳಗಿನಿಂದ ತೆಗೆಯಬಲ್ಲ ಇನ್ನೊಂದು ಬಾಗಿಲು ಬೇಕು. ಅಲ್ಲಿಯವರೆಗೆ ಒಂದು ರಾತ್ರಿಯೂ ಅಲ್ಲಿ ಮಲಗುವಂತಿಲ್ಲ.

ತಾನೇ ಮೆತ್ತಿದ ಗೋಡೆಗೆ ತೂತು! ಅಜ್ಜನ ಕರುಳಿಗೇ ಉಳಿ ಇಟ್ಟಂತಾಗಿತ್ತು.

ಸೊಸೆ ಕೂಸನ್ನು ಸೊಂಟದ ಮೇಲೆತ್ತಿಕೊಂಡು ಬಂದಳು. ಜೊತೆಗೆ ಪುರಸಭೆಯ ಕಟ್ಟಡ ವಿಭಾಗದ ಇಂಜಿನಿಯರ್. ಸೊಸೆಗೆ ಗೆಳತಿ, ಬೀದಿಗೆಲ್ಲ ಅಕ್ಕ.

"ಏನ್ ಮಾವ, ಕೆಲಸ ಇನ್ನೂ ಶುರುನೇ ಆಗಿಲ್ವಾ?"

"ಯಾಕಮ್ಮ ಅವಸರ? ನಮ್ಮ ಕಟ್ಟಡ, ನಮ್ಮ ಗೋಡೆ. ಮಲಗೋಕೂ ಇವರ ಅಪ್ಪಣೆ ಬೇಕಾ? ನಾಳೆ ಗೊರಕೆ ಹೊಡೆಯೋಕೂ ಅರ್ಜಿ ಹಾಕಿ ಅಂತಾರೆ!"

"ನಿಮ್ಮ ಗೊರಕೆ ಮೇಲೆ ಪಕ್ಕದ ಮನೆಯವರ ದೂರು ಆಗಲೇ ಬಂದಿದೆ ಅಜ್ಜ," ಎಂದಳು ಅಕ್ಕ. ಮೇಸ್ತ್ರಿ ಕಿಸಕ್ಕನೆ ನಕ್ಕ. ಅಜ್ಜ ಹುಬ್ಬು ಗಂಟಿಕ್ಕಿದ.

ಅಕ್ಕ ಅವನ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತಳು. "ಒಂದು ಕೇಳ್ತೀನಿ ಅಜ್ಜ. ಆಗೆಲ್ಲ ನೀವು ತಣ್ಣನೆ ಕೋಣೆ ಒಳಗೆ ಹೋಗೋವಾಗ ಬಾಗಿಲಲ್ಲಿ ಯಾರು ನಿಲ್ತಿದ್ರು?"

"ಜೊತೆಗಾರ. ಒಬ್ಬ ಒಳಗೆ ಹೋದ್ರೆ ಇನ್ನೊಬ್ಬ ಬಾಗಿಲಲ್ಲಿ. ಅದು ನಮ್ಮ ಕಟ್ಟಳೆ. ಚಿಲಕ ಇರೋದು ಹೊರಗಡೆ. ಬಾಗಿಲು ಮುಚ್ಚಿಕೊಂಡುಬಿಟ್ರೆ, ಎಷ್ಟು ಕೂಗಿದ್ರೂ ಈ ಗೋಡೆ ದನಿಯನ್ನ ಹೊರಗೆ ಬಿಡಲ್ಲ."

"ಆ ಕಟ್ಟಳೆ ಕಿರಿಕಿರಿ ಅನ್ನಿಸ್ತಿರಲಿಲ್ವಾ?"

"ಏನ್ ಮಾತು ಅಂತ ಆಡ್ತೀಯ ಮಗಳೇ! ಜೀವ ಕಾಯೋ ಕಟ್ಟಳೆ ಅದು!"

"ಸರಿ. ರಾತ್ರಿ ತಂತಿಗೆ ಬೆಂಕಿ ಹತ್ತಿ ಹೊಗೆ ತುಂಬಿಕೊಳ್ತು ಅನ್ನಿ. ನೀವೆಲ್ಲ ಒಳಗೇ ಮಲಗಿದ್ದೀರಿ. ಈ ಕೂಸಿಗೆ ಬಾಗಿಲಲ್ಲಿ ಯಾರು ನಿಲ್ತಾರೆ?"

ಅಜ್ಜ ಕೂಸಿನತ್ತ ತಿರುಗಿದ. ಕೂಸು ಅವನ ಮೀಸೆಗೆ ಕೈ ಚಾಚಿತು.

"ಕಿಟಕಿ, ಇನ್ನೊಂದು ಬಾಗಿಲು. ಅವೇ ಅಜ್ಜ ಆ ಜೊತೆಗಾರರು. ಈ ಗೋಡೆ ಕಟ್ಟಿದ್ದು ಗಡ್ಡೆಗೆ. ಗಡ್ಡೆ ಉಸಿರಾಡಲ್ಲ."

"ಒಡೆದಾಗ ಸೂರೇ ಕುಸಿದುಬಿಟ್ರೆ?" ಅಜ್ಜನ ಬತ್ತಳಿಕೆಯಲ್ಲಿ ಉಳಿದಿದ್ದ ಕೊನೆಯ ಬಾಣ.

"ಅದಕ್ಕೇ ಮೊದಲು ನಮ್ಮನ್ನ ಕೇಳಿ ಅನ್ನೋದು. ಯಾವ ಗೋಡೆ ಭಾರ ಹೊತ್ತಿದೆ ನೋಡಿ, ಒಡೆಯೋ ಜಾಗಕ್ಕೆ ಗುರುತು ಹಾಕಿದ್ದೀವಿ. ಐಸ್ ಯಂತ್ರದ ಹಳೇ ಗ್ಯಾಸ್ ಪೈಪುಗಳನ್ನೂ ಗೊತ್ತಿದ್ದವರ ಕೈಲೇ ಬಿಚ್ಚಿಸಿದ್ದು ಮರೆತ್ರಾ?"

ಅಜ್ಜ ಮಾತಿಗೆ ಸೋತ, ಆದರೂ ಗೋಣಿಚೀಲದಿಂದ ಏಳಲಿಲ್ಲ. ಮೇಸ್ತ್ರಿ ಉಳಿಯ ಆಸೆ ಬಿಟ್ಟು, ಒಳಗೆ ಬಂದ ಸೊಸೆ, ಅಕ್ಕನನ್ನು ದೂರ ನಿಲ್ಲಿಸಿ ಹಾರೆ ಹಿಡಿದ. ಗೋಡೆಯೊಳಗಿನಿಂದ ಮರದ ಹೊಟ್ಟು ಹಿಟ್ಟಿನಂತೆ ಸುರಿಯಿತು. ಹೊರಗಿನ ಸಾಲಿನ ಇಟ್ಟಿಗೆ ಬೀಳುವ ಹೊತ್ತಿಗೆ ಮಂಜು ಹರಿದು ಸೂರ್ಯ ಬಂದಿದ್ದ.

ಆಗ ಬಂತು ಬೆಳಕು. ಧೂಳಿನಲ್ಲಿ ಹೊನ್ನಿನ ಕಂಬವೊಂದು ಓರೆಯಾಗಿ ನಿಂತಿತು. ಕಟ್ಟಿದಂದಿನಿಂದ ಬಿಸಿಲು ಕಾಣದ ನೆಲದ ಮೇಲೆ ಒಂದು ಹೊಳೆಯುವ ಚೌಕ. ಮೇಸ್ತ್ರಿಯ ಹಾರೆ ಗಾಳಿಯಲ್ಲೇ ನಿಂತಿತು. ಕೂಸು ತಾಯಿಯ ಸೊಂಟದಿಂದಲೇ ಬಾಗಿ ಬೆಳಕನ್ನು ಹಿಡಿಯಲು ಮುಷ್ಟಿ ಕಟ್ಟಿತು, ಬಿಚ್ಚಿ ನೋಡಿತು, ಮತ್ತೆ ಕಟ್ಟಿತು.

ಅಜ್ಜ ಮೆಲ್ಲಗೆ ಒಳಗೆ ಬಂದ. ಚಪ್ಪಲಿ ಬಿಟ್ಟು, ಆ ಚೌಕದ ಮುಂದೆ ಕುಕ್ಕರಗಾಲಲ್ಲಿ ಕೂತು ಅಂಗೈ ಊರಿದ. ನೆಲ ಬೆಚ್ಚಗಾಗುತ್ತಿತ್ತು.

"ಇಷ್ಟು ಕಾಲ ಈ ಸೂರ್ಯನನ್ನ ಕಳ್ಳ ಅಂತ ಆಚೆ ನಿಲ್ಲಿಸಿದ್ದೆನಲ್ಲಪ್ಪ ದೇವರೇ," ಎಂದ.

ಕೇಳುತ್ತಿರುವ ತಾಯಂದಿರೇ, ಅಣ್ಣಂದಿರೇ, ಗೋದಾಮಾಗಲಿ, ಗಿರಣಿಯಾಗಲಿ, ಅಂಗಡಿಯಾಗಲಿ, ಮನೆಯಾಗಬಲ್ಲದು. ಆದರೆ ಹಾಸಿಗೆ ಹಾಸುವ ಮುನ್ನ, ಗೋಡೆ ಮುಟ್ಟುವ ಮುನ್ನ, ನಿಮ್ಮ ಊರಿನ ಆಡಳಿತ ಕಚೇರಿಗೆ ಹೋಗಿ. ನಿಯಮ ಊರಿಂದೂರಿಗೆ ಬೇರೆ. ಪಕ್ಕದೂರಿನವರ ಮಾತೊಂದನ್ನೇ ನಂಬಬೇಡಿ. ಗಾಳಿ ಎಲ್ಲಿಂದ ಬರುತ್ತದೆ, ಬೆಂಕಿ ಬಿದ್ದರೆ ಎಲ್ಲಿಂದ ಹೊರಡುವುದು, ಕೊಳೆನೀರು ಎಲ್ಲಿಗೆ ಹೋಗುತ್ತದೆ, ಹಿಂದೆ ಅಲ್ಲಿ ಏನನ್ನು ಇಟ್ಟಿದ್ದರು ಎಂಬುದನ್ನೆಲ್ಲ ತಿಳಿದವರಿಂದ ನೋಡಿಸಿ, ಅನುಮತಿಯನ್ನು ಬರಹದಲ್ಲೇ ಪಡೆಯಿರಿ. ನಿಮ್ಮವರು ನಿದ್ದೆಹೋದಾಗ ಬಾಗಿಲಲ್ಲೊಬ್ಬ ಜೊತೆಗಾರ ನಿಂತಿರಲಿ.

ಇನ್ನು ಆ ಉಳಿ. ಎರಡನೇ ಬಾಗಿಲಿಗೆ ಗುರುತು ಹಾಕಿದ ಕಡೆ ಮೇಸ್ತ್ರಿ ಹಾರೆ ಎತ್ತಿದಾಗ, ಅಜ್ಜ ಸದ್ದಿಲ್ಲದೆ ಅವನ ಬೆನ್ನ ಹಿಂದೆ ಬಂದು ನಿಂತ. ತುದಿಗೆ ಅಂಟಿದ್ದ ಗೋಣಿಯ ನಾರನ್ನು ಹೆಬ್ಬೆರಳಿನಿಂದ ಒರೆಸಿ, ಉಳಿಯನ್ನು ಅವನ ಕೈಗಿಟ್ಟ.