ಪದದ ಕಡೆಯ ಹೆಸರು

ನಮ್ಮಪ್ಪ ಗೌಂಡಿ ಚಂದಪ್ಪ ಕಟ್ಟಿದ ಮನೆಗಳು ಗೋವಾದ ತುಂಬ ನಿಂತಿವೆ. ಒಂದರ ಮೇಲೂ ಅವನ ಹೆಸರಿಲ್ಲ, ಹೋಗಲಿ ಬಿಡಿ. ಆದರೆ ಅವನು ಕಟ್ಟಿದ ಭಜನೆ ಪದಗಳ ಸಿಡಿ ಬೇರೆಯವರ ಹೆಸರಿನಲ್ಲಿ ಮಾರಾಟಕ್ಕೆ ಬಂದಾಗ ನನಗೆ ಮೈಯೆಲ್ಲ ಉರಿಯಿತು. ಯಾರದ್ದೋ ದುಡ್ಡು, ಯಲ್ಲಮ್ಮನ ಜಾತ್ರೆ! ಅಪ್ಪ ತೀರಿಕೊಂಡು ಆಗಿನ್ನೂ ಆರೇ ವರ್ಷ.

ಮ್ಹಾಪಸಾ ಊರಿನ ಸಂತೆಯ ದಿನ ಅವ್ವನನ್ನು ಕರೆದುಕೊಂಡು ನೆಟ್ಟಗೆ ಅಡಿವೆಯ್ಯನವರ ಸಿಡಿ ಅಂಗಡಿಗೆ ಹೋದೆ. ಆ ಸಿಡಿ ಮಾಡಿಸಿದವರು ಅವರೇ. ಬೆಳಗಾವಿ ಕಡೆಯ ವ್ಯಾಪಾರಿ, ಕೆಟ್ಟವರೇನಲ್ಲ. ಚಹಾ ತರಿಸಿದರು. ಚಹಾ ಆಮೇಲೆ, ಮೊದಲು ಅಪ್ಪನ ಹೆಸರು ಹಾಕಿ ಎಂದೆ. ಪದಗಳ ಕೊನೆಯಲ್ಲಿ ಗುರುಸಿದ್ಧ ಎಂಬ ಅಂಕಿತವಿದೆ, ಆ ಹೆಸರಿನ ಮಠದ ಅಜ್ಜ ಲಿಂಗೈಕ್ಯರಾಗಿ ನೂರು ವರ್ಷವಾಯಿತು, ಬರೆದವರು ಸತ್ತ ಅರವತ್ತು ವರ್ಷಕ್ಕೆ ಹಕ್ಕು ಮುಗಿಯುತ್ತದೆ, ಇನ್ನು ಯಾರು ಬೇಕಾದರೂ ಸಿಡಿ ಮಾಡಬಹುದು ಎಂದು ಅವರು ಸಮಾಧಾನದಿಂದ ತಿಳಿಹೇಳಿದರು.

ಅಂಕಿತ ಗುರುವಿನದು, ಪದ ಅಪ್ಪನದು. ತನ್ನ ಹೆಸರು ತಾನೇ ಹಾಕಿಕೊಂಡರೆ ಸೊಕ್ಕು ಎನ್ನುವ ಜನ ನಾವು. ನೂರು ವರ್ಷದ ಹಿಂದಿನ ಅಜ್ಜ ಗೋವಾದ ವೆರ್ಣಾದಲ್ಲಿ ಓಡುವ ಕಂಪನಿ ಬಸ್ಸಿನ ಬಗ್ಗೆ ಹೇಗೆ ಪದ ಕಟ್ಟಿದ ಎಂದು ಕೇಳಿದೆ. ಆ ನುಡಿಯನ್ನು ಕೂಲಿ ಜನ ಆಮೇಲೆ ಸೇರಿಸಿರಬೇಕು ಎಂದರು.

"ಪದ ಬರಕೊಳ್ಳಾಕ ನಿಮ್ಮ ಶೆಡ್ಡಿಗೆ ನಾನ ಬಂದಿದ್ದೆ. ಯಾರು ಕಟ್ಟಿದ್ದು ಅಂತ ನಿಮ್ಮವ್ವನ್ನ ಕೇಳಿದೆ. ಪದದ ಕಡೀಕ ಹೆಸರು ಐತಲ್ರಿ ಅಂದ್ರು."

ನಾನು ಅವ್ವನತ್ತ ತಿರುಗಿದೆ. ಗಂಡನ ಹೆಸರು ಬಾಯಲ್ಲಿ ತಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ರೇಷನ್ ಅಂಗಡಿಯಲ್ಲೂ ನನ್ನಿಂದಲೇ ಹೇಳಿಸುತ್ತಿದ್ದವಳು ನಮ್ಮವ್ವ ಹುಲಿಗೆವ್ವ. ಅವನು ಸತ್ತ ಮೇಲೂ ಬಾಯಿ ಬಿಟ್ಟಿರಲಿಲ್ಲ. ಈಗ ಅಡಿವೆಯ್ಯನವರು ಪದ ಕಟ್ಟಿದ್ದು ಯಾರೆಂದು ಅವಳೇ ಹೇಳಲಿ ಎಂದು ಪಟ್ಟು ಹಿಡಿದರು.

ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಗೌಂಡಿ ಚಂದಪ್ಪ. ನನ್ನ ಗಂಡ."

ದನಿ ನಡುಗಲಿಲ್ಲ. ನನಗೆ ಅಳು ಬಂತು.

ಅಡಿವೆಯ್ಯನವರು ತಪ್ಪಾಯಿತೆಂದು ಕೈಮುಗಿದರು. ಇನ್ನೂ ಐವತ್ತನಾಲ್ಕು ವರ್ಷ ಹಕ್ಕು ನಿಮ್ಮದೇ, ನಿಮ್ಮನ್ನು ಕೇಳದೆ ಯಾರೂ ಹಾಡದಂತೆ ಕಾಗದ ಮಾಡಿಸೋಣ ಎಂದರು. ಅವ್ವ ಬೇಡವೆಂದು ತಲೆಯಾಡಿಸಿದಳು. ಹಾಡುವವರು ಹಾಡಲಿ, ಹೆಸರು ಮಾತ್ರ ಇರಲಿ ಎಂದಳು. ಹೆಸರು ಎಷ್ಟು ವರ್ಷ ಇರಬೇಕು ಎಂದು ಅವರು ನಗುತ್ತ ಕೇಳಿದರು. ಅವ್ವ ನಗಲಿಲ್ಲ.

"ಆಯುಷ್ಯ ಕಡಿಮಿ ಆದೀತಂತ ಹೇಳದ ಕುಂತೆ. ಆದ್ರೂ ಹೋದ್ರು. ಈಗ ಹೇಳೇನ್ರಿ. ಅರವತ್ತಕ್ಕ ಮುಗಸಬ್ಯಾಡ್ರಿ."