ಉತ್ತರ ದಿಕ್ಕಿನ ಹಲಗೆಗಳು

ಬೆನ್ನೋಗೆ ಜೊತೆಯಲ್ಲಿ ಕೂತು ಓದುವವರು ಇರಲಿಲ್ಲ. ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ನಲ್ಲಿ ಯೆಹೂದಿಗಳೇ ಅಪರೂಪ. ಅವರ ಧರ್ಮಗ್ರಂಥ ವಾರಕ್ಕೊಂದು ಭಾಗದಂತೆ ವರ್ಷಕ್ಕೆ ಮುಗಿಯಬೇಕು; ಇಬ್ಬರು ಕೂತು ವಾದ ಮಾಡುತ್ತ ಓದುವುದು ಪದ್ಧತಿ. ಮೂವತ್ತು ವರ್ಷ ಜೊತೆಗೆ ಓದಿದ ಗೆಳೆಯ ತೀರಿಕೊಂಡಿದ್ದ. ಎಂಬತ್ತೊಂದರ ಬೆನ್ನೋಗೆ ಕಣ್ಣೂ ಮಂಜಾಗಿತ್ತು. ಹಾಗಾಗಿ ಓದುವ ಕೆಲಸ ಮಹಡಿಯಲ್ಲಿ ಬಾಡಿಗೆಗಿದ್ದ ದಾವಣಗೆರೆಯ ಶ್ರಾವಣಿಯ ಪಾಲಿಗೆ ಬಂತು. ಯೂನಿವರ್ಸಿಟಿಯಲ್ಲಿ ವೆಲ್ಡಿಂಗ್ ಮೇಲೆ ಪಿಎಚ್‌ಡಿ ಮಾಡುತ್ತಿದ್ದ ಅವಳಿಗೆ ಶನಿವಾರ ಹೋಗಲು ಬೇರೆ ಮನೆಯೂ ಇರಲಿಲ್ಲ.

ಫೆಬ್ರವರಿಯ ಆ ಶನಿವಾರದ ಭಾಗ, ಮರುಭೂಮಿಯಲ್ಲಿ ದೇವರಿಗೆ ಗುಡಾರ ಕಟ್ಟುವುದು.

“ಜಾಲಿ ಹಲಗೆನಾ? ನಮ್ಮ ಕಡೆ ಜಾಲಿನ ಬೇಲಿಗೆ ಹಾಕ್ತಾರೆ, ದೇವರಿಗಲ್ಲ.”

“ಮರುಭೂಮಿಗೆ ತೇಗ ಹೊತ್ಕೊಂಡು ನಿಮ್ಮಪ್ಪ ಬರ್ತಿದ್ರಾ? ಓದು.”

“ದಕ್ಷಿಣಕ್ಕೆ ಇಪ್ಪತ್ತು ಹಲಗೆ, ಒಂದೊಂದರ ಕೆಳಗೂ ಎರಡು ಬೆಳ್ಳಿ ಪೀಠ. ಅಲ್ಲಾಡುತ್ತೆ ಇದು. ಗಟ್ಟಿಯಾಗಿ ಜೋಡಿಸೇ ಇಲ್ಲ.”

“ಬಿಚ್ಚಿ ಹೊತ್ಕೊಂಡು ಮುಂದಿನೂರಿಗೆ ಹೋಗ್ಬೇಕಲ್ಲ, ಇಂಜಿನಿಯರಮ್ಮ!”

ಈ ಗುಡಾರಕ್ಕೆ ಬೇಕಾದ ಮೂವತ್ತೊಂಬತ್ತು ಬಗೆಯ ಕೆಲಸಗಳನ್ನು ಸಬ್ಬತ್ತಿನಲ್ಲಿ, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ, ಯೆಹೂದಿಗಳು ಮಾಡುವಂತಿಲ್ಲ. ಬೆಂಕಿ ಹಚ್ಚುವುದು ಅದರಲ್ಲೊಂದು. ಬೆನ್ನೋ ಫೋನನ್ನೂ ಅದೇ ಲೆಕ್ಕಕ್ಕೆ ಸೇರಿಸಿದ್ದರು. ನಿಯಮ ನಿನಗಲ್ಲ ಎಂದು ಮೊದಲೇ ಹೇಳಿದ್ದರು. ಆದರೆ ಶ್ರಾವಣಿ ಅಜ್ಜಿಯ ಮಡಿ ನೋಡಿ ಬೆಳೆದವಳು. ಮಡಿಯಲ್ಲಿದ್ದವರನ್ನು ಮುಟ್ಟಬಾರದು, ಅಷ್ಟೆ. ಫೋನನ್ನು ಮಹಡಿಯಲ್ಲೇ ಬಿಟ್ಟು ಬರುತ್ತಿದ್ದಳು.

ಐದು ಮೂವತ್ತನಾಲ್ಕಕ್ಕೆ ಬೆನ್ನೋ ಎದೆ ಹಿಡಿದುಕೊಂಡರು. ಹಣೆ ಬೆವರಿತು.

“ಆಂಬುಲೆನ್ಸ್‌ಗೆ ಫೋನ್ ಮಾಡ್ಲಾ?”

“ಸಬ್ಬತ್ ಮುಗೀಲಿ.”

“ನಾನ್ ಮಾಡಬಹುದು ಅಂದಿದ್ರಲ್ಲ?”

“ನಿನಗೋಸ್ಕರ ಮಾಡ್ಕೋ. ನನಗೋಸ್ಕರ ಬೇಡ. ಗ್ಯಾಸ್ ಇರ್ಬೇಕು, ನೀರು ಕೊಡು.”

ಫ್ರಿಜ್ಜಿಗೆ ಅಂಟಿಸಿದ್ದ ಚೀಟಿಯಲ್ಲಿ ಸಬ್ಬತ್ ಮುಗಿಯುವ ಹೊತ್ತು ಆರು ಹದಿನಾಲ್ಕು. ಶ್ರಾವಣಿ ನೀರು ಕೊಟ್ಟಳು, ಬೆನ್ನು ಉಜ್ಜಿದಳು. ಎರಡು ಸಲ ಮೆಟ್ಟಿಲವರೆಗೆ ಹೋಗಿ ವಾಪಸ್ ಬಂದಳು. ಆರು ಹದಿನಾಲ್ಕಕ್ಕೆ ಓಡಿಹೋಗಿ ಫೋನ್ ಮಾಡಿದಳು. ಆಂಬುಲೆನ್ಸ್ ಒಂಬತ್ತು ನಿಮಿಷಕ್ಕೆ ಬಂತು. ಅಷ್ಟರಲ್ಲಿ ಬೆನ್ನೋ ಹೋಗಿದ್ದರು.

ಮರುದಿನ ಸ್ಟಾಕ್‌ಹೋಮ್‌ನಿಂದ ಮಗಳು ಹನ್ನಾ ಬಂದಳು. ಕೋಟನ್ನೂ ತೆಗೆಯದೆ ಎಲ್ಲ ಕೇಳಿಸಿಕೊಂಡಳು.

“ಪ್ರಾಣಕ್ಕೆ ಬಂದ್ರೆ ಸಬ್ಬತ್ ಇಲ್ಲ. ಮುರೀಲೇಬೇಕು, ಅದೂ ನಿಯಮಾನೇ. ಅಪ್ಪಂಗೆ ಗೊತ್ತಿತ್ತು.”

“ಬೇಡ ಅಂದ್ರು.”

“ಅವರು ಹಲ್ಲುನೋವಿಗೂ ಡಾಕ್ಟರ್ ಬೇಡ ಅನ್ನೋರು. ಅವರನ್ನ ಯಾಕೆ ಕೇಳೋಕ್ ಹೋದೆ?”

ಮಡಿಯಲ್ಲಿದ್ದವರನ್ನು ಕೇಳದೆ ಮುಟ್ಟುವಂತಿಲ್ಲ. ಇದನ್ನು ಯಾವ ಭಾಷೆಯಲ್ಲಿ ಹೇಳಿದರೂ ನೆಪದ ಹಾಗೇ ಕೇಳಿಸುತ್ತದೆ ಎಂದು ಶ್ರಾವಣಿಗೆ ಗೊತ್ತಿತ್ತು.

ಹನ್ನಾ ಆಸ್ಪತ್ರೆಗೆ ಹೋದ ಮೇಲೆ ಶ್ರಾವಣಿ ಪುಸ್ತಕ ತೆರೆದಳು. ಬೆನ್ನೋರ ನೀರಿನ ಲೋಟ ಅಲ್ಲೇ ಇತ್ತು. ಉತ್ತರಕ್ಕೆ, ಎಂದು ಜೋರಾಗಿ ಓದಿ ನಿಲ್ಲಿಸಿದಳು. ತಪ್ಪು ಓದಿದರೂ ಬೈಯುವವರಿರಲಿಲ್ಲ. ಒಟ್ಟು ನಲವತ್ತೆಂಟರಲ್ಲಿ ಇಪ್ಪತ್ತೆಂಟು ಹಲಗೆ ಹಾಗೇ ಉಳಿದವು.

ಕಾಯುತ್ತ ಹೋದದ್ದು ನಲವತ್ತು ನಿಮಿಷ, ಜೊತೆಗೆ ಒಬ್ಬ ಮನುಷ್ಯ.