ಚಿತೆಯ ಮುಂಭಾಗ

"ಮುಂಭಾಗ ಚಲೊಂಗ್ ಮಾಡ್ಲಿ. ಪ್ರಯೂನ್, ನೀನು ಹಿಂದಿನದು ನೋಡ್ಕೋ," ಎಂದು ಲಮುನ್ ಮೇಷ್ಟ್ರು ಎದ್ದುಹೋದರು.

ಪ್ರಯೂನನ ಚೂರಿ ಬಾಳೆಪಟ್ಟೆಯಲ್ಲಿ ಚುಚ್ಚಿದಲ್ಲೇ ನಿಂತಿತು. ಹಿರಿಯ ರಾಜಕುಮಾರಿಯ ಚಿತೆಯನ್ನು ಬಾಳೆಪಟ್ಟೆಯ ಕೆತ್ತನೆಯಿಂದ ಸಿಂಗರಿಸಲು ಫೆಚಬುರಿಯಿಂದ ಬ್ಯಾಂಕಾಕಿಗೆ ಬಂದವರಲ್ಲಿ ಮೇಷ್ಟ್ರನ್ನು ಬಿಟ್ಟರೆ ಅವನೇ ಹಿರಿಯ. ಸಂಜೆ ರಾಜರು ಬೆಂಕಿ ಇಡಲು ನಿಲ್ಲುವುದು ಮುಂಭಾಗದಲ್ಲಿ. ಹಿಂಭಾಗವನ್ನು ಯಾರು ನೋಡುತ್ತಾರೆ?

ಚಲೊಂಗನಿಗೆ ಚೂರಿ ಹಿಡಿಯಲು ಕಲಿಸಿದ್ದೂ ಅವನೇ. ಈ ಕೆಲಸದಲ್ಲಿ ಗೆರೆ ಎಳೆದುಕೊಳ್ಳುವಂತಿಲ್ಲ. ಚುಚ್ಚುತ್ತ ಹೋದಂತೆ ಪಟ್ಟೆಯ ಅಂಚಿನಲ್ಲಿ ಹಲ್ಲಿನಂಥ ಚಿತ್ತಾರದ ಸಾಲು ತಾನಾಗಿ ಮೂಡಬೇಕು. ಚಲೊಂಗ್ ಹಾಡು ಗುನುಗುತ್ತಲೇ ಕೊರೆಯುತ್ತಿದ್ದ. ಆ ಗುನುಗುವಿಕೆಯನ್ನೇ ಪ್ರಯೂನನಿಗೆ ಸಹಿಸಲಾಗುತ್ತಿರಲಿಲ್ಲ.

"ಅಣ್ಣ, ನೂಡಲ್ಸ್ ತಿಂದು ಬರ್ತೀನಿ. ನನ್ನ ಪಟ್ಟೆಗೂ ಚೂರು ನೀರು ಚಿಮುಕಿಸ್ತಿರು."

"ಹೋಗಪ್ಪ. ರಾಜರ ಎದುರಿಗೆ ಕೆಲಸ ಇಡೋನು, ಹೊಟ್ಟೆ ಖಾಲಿ ಬಿಡಬಾರ್ದು."

"ಇನ್ನೂ ಮುನಿಸೇನಣ್ಣ? ನಿಂಗೂ ಕಟ್ಟಿಸ್ಕೊಂಡು ಬರ್ತೀನಿ, ಬಿಡು."

ಪ್ರಯೂನ್ ತನ್ನ ಪಟ್ಟೆಗಳಿಗೆ ನೀರು ಚಿಮುಕಿಸಿ ಒದ್ದೆ ಬಟ್ಟೆ ಹೊದಿಸಿದ. ಬಿಸಿಲು ಚಪ್ಪರದ ಅಂಚಿನಿಂದ ಜಾರಿ ಚಲೊಂಗನ ಪಟ್ಟೆಗಳ ಮೇಲೆ ಬಿತ್ತು. ನೋಡಿದ. ಅದಕ್ಕೆ ಬೆನ್ನು ಹಾಕಿ ಕುಳಿತ.

ಚಲೊಂಗ್ ಬರುವಷ್ಟರಲ್ಲಿ ಬಿಳಿ ಹಲ್ಲುಗಳೆಲ್ಲ ಹೆಚ್ಚಿಟ್ಟ ಬದನೆಕಾಯಿಯಂತೆ ಕಂದಿದ್ದವು.

"ಯಾರಯ್ಯ ಹೀಗೆ ಬಿಟ್ಟಿದ್ದು?" ಮೇಷ್ಟ್ರು ಕೂಗಾಡಿದರು.

ಚಲೊಂಗ್ ಪಟ್ಟೆಗಳನ್ನು ನೋಡಿದ, ಪ್ರಯೂನನನ್ನು ನೋಡಿದ. "ನಾನೇ ಮೇಷ್ಟ್ರೇ. ಮುಚ್ಚೋದು ಮರೆತೆ." ನೂಡಲ್ಸಿನ ಚೀಲವನ್ನು ಪ್ರಯೂನನ ಪಕ್ಕದಲ್ಲಿಟ್ಟ.

"ಟೈಮಿಲ್ಲ. ಪ್ರಯೂನಂದು ಮುಂದಕ್ಕೆ ಕಟ್ಟಿ. ನೀನು ಹಿಂದಕ್ಕೆ ಏನಾದ್ರೂ ಕೊರೆದು ಹಾಕು."

ಮುಂಭಾಗ ಚೆನ್ನಾಗಿಯೇ ಬಂತು. ಒಂದು ಹಲ್ಲೂ ಓರೆಯಿರಲಿಲ್ಲ. "ಒಪ್ಪವಾಗಿದೆ," ಎಂದರು ಮೇಷ್ಟ್ರು. ಹಾಗೆಂದು ಹಿಂದಕ್ಕೆ ಹೋದವರು ಬೇಗ ಬರಲಿಲ್ಲ. ಉಳಿದವರೂ ಒಬ್ಬೊಬ್ಬರಾಗಿ ಆ ಕಡೆಗೇ ಸರಿದರು.

ಎಲ್ಲರೂ ಬಟ್ಟೆ ಬದಲಿಸಲು ಹೋದ ಮೇಲೆ, ಸಮಾರಂಭಕ್ಕೆಂದು ಕೊಟ್ಟ ಬಿಳಿ ಅಂಗಿ ತೊಟ್ಟು ಪ್ರಯೂನ್ ಒಬ್ಬನೇ ಹಿಂದಕ್ಕೆ ಬಂದ. ಅವಸರದಲ್ಲಿ ಕೊರೆದ ಹಲ್ಲುಗಳು ಬೆಳಕು ಹಾಯುವಷ್ಟು ತೆಳ್ಳಗಿದ್ದವು. ಗಾಳಿ ಬೀಸಿದರೆ ಅಲುಗುತ್ತವೇನೋ ಅನ್ನಿಸುತ್ತಿತ್ತು. ತಪ್ಪು ಹುಡುಕಿದ. ಮತ್ತೆ ಹುಡುಕಿದ. ಹೆಬ್ಬೆರಳನ್ನು ಅಂಚಿನುದ್ದಕ್ಕೂ ಆಡಿಸಿ, ಅಂಟಿದ ರಸವನ್ನು ಅಂಗಿಗೆ ಒರೆಸಿಕೊಂಡ.

ಆಗ ಅಂಗಿಯ ಮೇಲೆ ಏನೂ ಕಾಣಲಿಲ್ಲ. ಕಹಳೆ ಮೊಳಗಿ, ರಾಜರು ಮುಂಭಾಗದ ಮೆಟ್ಟಿಲೇರುವಾಗ, ಮೊದಲ ಸಾಲಿನಲ್ಲಿ ತಲೆಬಾಗಿ ನಿಂತಿದ್ದ ಪ್ರಯೂನನ ಎದೆಯ ಮೇಲೆ ಬಾಳೆಯ ಕರೆ ಮೆಲ್ಲಗೆ ಕಂದು ಬಣ್ಣಕ್ಕೆ ತಿರುಗುತ್ತಿತ್ತು.